ಅಕ್ಕನಿಗೊಂದು ಪತ್ರ: ಮೂರು ಗಂಟೆಯ ತರಗತಿ, ಮೂರು ಹತ್ತರ ಬಸ್ಸು

ಪ್ರಶ್ನೆ: ಅಕ್ಕಾ, ನಾನು, ನನ್ನ ಹೆಂಡತಿ, ಆರು ವರ್ಷದ ಮಗಳು ಪಿ.ಆರ್. (ಕಾಯಂ ವಾಸದ ಹಕ್ಕು) ಸಿಕ್ಕಿ ಕೆನಡಾಕ್ಕೆ ಬಂದು ಎಂಟು ತಿಂಗಳಾಯಿತು. ಒಂಟಾರಿಯೊದ ಒಂದು ಮಧ್ಯಮ ಗಾತ್ರದ ಊರಿನಲ್ಲಿದ್ದೇವೆ. ಬಂದ ಹೊಸದರಲ್ಲಿ ಸಿಟಿ ಹಾಲಿಗೆ ಹೋಗಿದ್ದೆ. ಕೌಂಟರಿನವರು ನಯವಾಗಿಯೇ ಮಾತಾಡಿ ನಾಲ್ಕು ಕರಪತ್ರ ಕೈಗಿಟ್ಟು, "ಇದು ನಮ್ಮ ವಿಭಾಗವಲ್ಲ, ಸೆಟ್ಲ್‌ಮೆಂಟ್ ಏಜೆನ್ಸಿಗೆ ಹೋಗಿ" ಅಂದರು. ಹೊಸಬರು ನೆಲೆಯೂರಲು ನೆರವಾಗುವ ಆ ಏಜೆನ್ಸಿಯವರೂ ಒಳ್ಳೆಯವರೇ. ಆದರೆ ಬಸ್ಸಿನ ವಿಷಯ ಕೇಳಿದರೆ "ಅದು ಸಿಟಿಯದು" ಅನ್ನುತ್ತಾರೆ, ಮಗಳ ಶಾಲೆಯ ವಿಷಯ ಎತ್ತಿದರೆ "ಅದು ಸ್ಕೂಲ್ ಬೋರ್ಡಿನದು" ಅನ್ನುತ್ತಾರೆ. ಈಗ ಲೈಬ್ರರಿಯ ಗೋಡೆಯಲ್ಲಿ 'ಲೋಕಲ್ ಇಮಿಗ್ರೇಷನ್ ಪಾರ್ಟ್‌ನರ್‌ಶಿಪ್' ಎಂಬವರ ಚೀಟಿ ನೋಡಿದೆ. ಹೊಸಬರ ಅಭಿಪ್ರಾಯ ಕೇಳಲು ಸಭೆ ಕರೆದಿದ್ದಾರಂತೆ. ಇವರು ಯಾರು? ಹೋದರೆ ನಮಗೇನು ಸಿಗುತ್ತದೆ?
– ಹೆಸರು ಬೇಡ, ಒಂಟಾರಿಯೊ

ಉತ್ತರ: ತಮ್ಮಾ, ಹೋಗು. ಹೆಂಡತಿಯನ್ನೂ ಕರೆದುಕೊಂಡು ಹೋಗು. ಯಾಕೆ ಅಂತ ಹೇಳುತ್ತೇನೆ.

ನಿನ್ನನ್ನು ಒಂದು ಕೌಂಟರಿನಿಂದ ಇನ್ನೊಂದಕ್ಕೆ ಕಳಿಸಿದವರು ಸುಳ್ಳು ಹೇಳಲಿಲ್ಲ. ಈ ದೇಶದಲ್ಲಿ ನಮ್ಮನ್ನು ಆರಿಸಿ ಕರೆಸಿಕೊಳ್ಳುವುದರಲ್ಲಿ ದೊಡ್ಡ ಪಾಲು ಫೆಡರಲ್ ಸರ್ಕಾರದ್ದು. ಸೆಟ್ಲ್‌ಮೆಂಟ್ ಏಜೆನ್ಸಿಗಳಿಗೂ, ಇಂಗ್ಲಿಷ್ ಕಲಿಸುವ ಲಿಂಕ್ ತರಗತಿಗಳಿಗೂ ಹಣ ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ. ಆಸ್ಪತ್ರೆ, ಶಾಲೆ, ನಮ್ಮ ಡಿಗ್ರಿಗೆ ಲೈಸೆನ್ಸ್ ಕೊಡುವ ಮಂಡಳಿಗಳು ಪ್ರಾಂತ್ಯದ ಕಾನೂನಿಗೆ ಸೇರಿದವು. ಆದರೆ ನಾವು ಬೆಳಿಗ್ಗೆ ಎದ್ದು ಹತ್ತುವ ಬಸ್ಸು, ಹೋಗುವ ಲೈಬ್ರರಿ, ಮಕ್ಕಳು ಆಡುವ ಪಾರ್ಕು, ಹಿಮ ತೆಗೆಯಬೇಕಾದ ಫುಟ್‌ಪಾತು, ಇವೆಲ್ಲ ಊರಿನವು. ಬದುಕುವುದು ಊರಿನಲ್ಲಿ, ನಮ್ಮ ಹೆಸರಿನ ಫೈಲು ಇರುವುದು ರಾಜಧಾನಿ ಒಟ್ಟಾವಾದಲ್ಲಿ. ಈ ನಡುವಿನ ಸಂದಿಯಲ್ಲೇ ಹೊಸಬರು ಸಿಕ್ಕಿಕೊಳ್ಳುವುದು.

ಆ ಸಂದಿ ಮುಚ್ಚಲೆಂದೇ ಈ ಪಾರ್ಟ್‌ನರ್‌ಶಿಪ್ ಹುಟ್ಟಿದ್ದು. 2005ರಲ್ಲಿ ಕೆನಡಾ ಮತ್ತು ಒಂಟಾರಿಯೊ ಸರ್ಕಾರಗಳ ನಡುವೆ ವಲಸೆಯ ಬಗ್ಗೆ ಒಂದು ಒಪ್ಪಂದವಾಯಿತು. ವಲಸೆಯ ಮಾತಿನಲ್ಲಿ ನಗರಸಭೆಗಳಿಗೂ ಜಾಗವಿರಬೇಕು ಎಂದು ಅದರಲ್ಲಿ ಬರೆದರು. ಅದರ ಫಲವಾಗಿ 2008ರ ಹೊತ್ತಿಗೆ ಒಂಟಾರಿಯೊದ ಊರುಗಳಲ್ಲಿ ಇವು ಶುರುವಾದವು, ಆಮೇಲೆ ಬೇರೆ ಪ್ರಾಂತ್ಯಗಳಿಗೂ ಹರಡಿದವು. ಕ್ವಿಬೆಕ್‌ನ ದಾರಿ ಬೇರೆ. 1991ರ ಒಪ್ಪಂದದ ಪ್ರಕಾರ ಬಂದವರನ್ನು ನೆಲೆಗೊಳಿಸುವ ಕೆಲಸವನ್ನು ಆ ಪ್ರಾಂತ್ಯ ತಾನೇ ನೋಡಿಕೊಳ್ಳುತ್ತದೆ. ಹ್ಯಾಮಿಲ್ಟನ್‌ನಲ್ಲಿ ಪಾರ್ಟ್‌ನರ್‌ಶಿಪ್ ಇರುವುದು ನಗರಸಭೆಯೊಳಗೆ, ವಾಟರ್ಲೂನಲ್ಲಿ ರೀಜನ್ ಆಡಳಿತದೊಳಗೆ. ಇನ್ನು ಕೆಲವು ಊರುಗಳಲ್ಲಿ ಒಂದು ಸಮಾಜಸೇವಾ ಸಂಸ್ಥೆ ಇದನ್ನು ನಡೆಸುತ್ತದೆ.

ಒಂದು ಮಾತು ಮೊದಲೇ ತಿಳಿದಿರಲಿ. ಇವರು ನಿನಗೆ ಕೆಲಸ ಕೊಡಿಸುವುದಿಲ್ಲ, ಫಾರ್ಮ್ ತುಂಬಿಕೊಡುವುದಿಲ್ಲ. ನೇರ ಸೇವೆ ಇವರ ಕೆಲಸವೇ ಅಲ್ಲ. ಸಿಟಿ, ಸ್ಕೂಲ್ ಬೋರ್ಡು, ಲೈಬ್ರರಿ, ಪೊಲೀಸ್, ಆರೋಗ್ಯ ಇಲಾಖೆ, ಕಾಲೇಜು, ಕೆಲಸ ಕೊಡುವ ಕಂಪನಿಗಳು, ಸೆಟ್ಲ್‌ಮೆಂಟ್ ಏಜೆನ್ಸಿಗಳು, ಎಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸುವುದು ಇವರ ಕೆಲಸ. "ಅಷ್ಟೇನಾ?" ಅಂತ ನಿನಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆರು ವರ್ಷ ಅಂಥ ಒಂದು ಮೇಜಿನ ಮುಂದೆ ಕೂತ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. ಬದಲಾಯಿಸಿದ್ದು ಒಂದು ಸಂಜೆ.

ಫೆಬ್ರವರಿ ತಿಂಗಳು, ಲೈಬ್ರರಿಯ ಕೆಳಮಹಡಿಯ ಕೋಣೆ, ಇಪ್ಪತ್ತೈದು ಜನ ಇದ್ದೆವು. ಲಿಂಕ್ ತರಗತಿಗೆ ಸೇರಿದವರಲ್ಲಿ ಚಿಕ್ಕ ಮಕ್ಕಳ ತಾಯಂದಿರು ಯಾಕೆ ಅರ್ಧಕ್ಕೇ ಬಿಡುತ್ತಾರೆ ಅನ್ನುವ ಚರ್ಚೆ. ಒಬ್ಬರು ಆಸಕ್ತಿ ಕಡಿಮೆ ಅಂದರು, ಇನ್ನೊಬ್ಬರು ಮನೆಯಲ್ಲಿ ಒಪ್ಪುವುದಿಲ್ಲವೇನೋ ಅಂದರು. ಅಂದು ಅತಿಥಿಯಾಗಿ ಬಂದಿದ್ದವಳು ಹಾಗೆ ಬಿಟ್ಟ ಒಬ್ಬ ತಾಯಿ. ತೊಡೆಯ ಮೇಲೆ ಎರಡು ವರ್ಷದ ಮಗು ನಿದ್ದೆ ಹೋಗಿತ್ತು. ಅವಳು ಮಾತಾಡುವುದಕ್ಕೆ ಮುಂಚೆ ಕೈಚೀಲದಿಂದ ನಾಲ್ಕಾಗಿ ಮಡಚಿದ್ದ ಬಸ್ಸಿನ ವೇಳಾಪಟ್ಟಿ ತೆಗೆದು ಮೇಜಿನ ಮೇಲೆ ಹರಡಿದಳು. ಒಂದು ಸಾಲಿನ ಕೆಳಗೆ ನೀಲಿ ಪೆನ್ನಿನ ಗೆರೆ ಇತ್ತು.

ತರಗತಿ ಬಿಡುವುದು ಮೂರು ಗಂಟೆಗೆ. ಕೆಳಗೆ ಮಗುವಿನ ಕೋಣೆಗೆ ಇಳಿದು, ಅದಕ್ಕೆ ಸ್ನೋ ಪ್ಯಾಂಟು, ಬೂಟು, ಕೈಗವಸು ಹಾಕುವಷ್ಟರಲ್ಲಿ ಮೂರು ಎಂಟು. ರಸ್ತೆಯಾಚೆಯ ಸ್ಟಾಪಿನಿಂದ ಬಸ್ಸು ಹೊರಡುವುದು ಮೂರು ಹತ್ತಕ್ಕೆ. ಮುಂದಿನದು ಒಂದು ಗಂಟೆ ಬಿಟ್ಟು. ದೊಡ್ಡ ಮಗನ ಶಾಲೆ ಬಿಡುವುದು ಮೂರೂವರೆಗೆ. ಆ ಬಸ್ಸು ತಪ್ಪಿದ ದಿನ ಏಳು ವರ್ಷದ ಹುಡುಗ ಶಾಲೆಯ ಆಫೀಸಿನಲ್ಲಿ ಜಾಕೆಟ್ಟು ಹಾಕಿಕೊಂಡೇ ಕೂತಿರುತ್ತಿದ್ದ. ಮೂರನೆಯ ವಾರಕ್ಕೆ ಅವಳು ತರಗತಿ ಬಿಟ್ಟಳು. ಏಜೆನ್ಸಿಯ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ "ತಾನಾಗಿ ಬಿಟ್ಟರು" ಅಂತ ಬರೆದಿದ್ದರು.

ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಟ್ರಾನ್ಸಿಟ್ ಇಲಾಖೆಯವರು ಜೇಬಿನಿಂದ ಪೆನ್ನು ತೆಗೆದು, "ಯಾವ ಸ್ಟಾಪು?" ಅಂತ ಕೇಳಿದರು.

ಬಸ್ಸಿನ ಸಮಯ ಬದಲಾಗಲಿಲ್ಲ. ಹೊಸ ವೇಳಾಪಟ್ಟಿ ಸೆಪ್ಟೆಂಬರಿಗೇ ಬರುವುದು ಎಂದು ಅವರು ಪ್ರಾಮಾಣಿಕವಾಗಿ ಹೇಳಿದರು. ಬದಲಾದದ್ದು ತರಗತಿ. ಬೆಳಿಗ್ಗೆ ಕಾಲು ಗಂಟೆ ಬೇಗ ಶುರು ಮಾಡಿ, ಮಧ್ಯಾಹ್ನ ಕಾಲು ಗಂಟೆ ಬೇಗ ಬಿಟ್ಟರು. ಮಕ್ಕಳನ್ನು ಕರೆದೊಯ್ಯಲು ತಡವಾದರೆ ಲೈಬ್ರರಿ ಕೋಣೆಯಲ್ಲಿ ಕೂರಿಸಬಹುದು ಅಂತ ಶಾಲೆಯವರು ಒಪ್ಪಿದರು. ಮೂರು ವಾರದಲ್ಲಿ ಇಷ್ಟು ಆಯಿತು. ಒಂದು ಡಾಲರ್ ಹೆಚ್ಚಿಗೆ ಖರ್ಚಾಗಲಿಲ್ಲ. ಬಸ್ಸಿನವರು, ಶಾಲೆಯವರು, ತರಗತಿಯವರು ಒಂದೇ ಕೋಣೆಯಲ್ಲಿ ಕೂರುವ ತನಕ ಈ ಮೂರು ಗಡಿಯಾರಗಳನ್ನು ಒಟ್ಟಿಗೆ ನೋಡಿದ್ದವಳು ಆ ತಾಯಿ ಒಬ್ಬಳೇ.

ಎಲ್ಲ ಸಭೆಯೂ ಹೀಗೇ ಅಂತ ನಿನಗೆ ಆಸೆ ಹುಟ್ಟಿಸಲಾರೆ. ಹಿಂದಿನ ಸಭೆಯ ನಡಾವಳಿ ಒಪ್ಪುವುದರಲ್ಲೇ ಎರಡು ಗಂಟೆ ಕಳೆದ ದಿನಗಳೂ ಇವೆ. ಹೊಸಬರ ಹೆಸರಿನಲ್ಲಿ ನಡೆಯುವ ಸಭೆಯಲ್ಲಿ ಕಳೆದ ಐದು ವರ್ಷದಲ್ಲಿ ಬಂದ ಒಬ್ಬರೂ ಇಲ್ಲದಿದ್ದಾಗ ನನಗೆ ತುಂಬ ಸಂಕಟವಾಗಿದೆ, ಎದ್ದು ನಿಂತು ಹೇಳಿಯೂ ಇದ್ದೇನೆ. ಸಮೀಕ್ಷೆ ಮಾಡುತ್ತಾರೆ, ಚೆಂದದ ವರದಿ ಅಚ್ಚಾಗುತ್ತದೆ, ಉತ್ತರ ಕೊಟ್ಟವರಿಗೆ ಏನಾಯಿತು ಅಂತ ತಿರುಗಿ ತಿಳಿಸುವವರಿಲ್ಲ. ಆದ್ದರಿಂದ ಹೋದಾಗ ಕೇಳು: ಹೋದ ಸಲದ ಸಮೀಕ್ಷೆಯಿಂದ ಏನು ಬದಲಾಯಿತು? ಸದಸ್ಯರಲ್ಲಿ ಹೊಸಬರು ಎಷ್ಟು ಜನ? ಬಂದುಹೋಗುವ ಬಸ್ ಚಾರ್ಜು, ಮಗು ನೋಡಿಕೊಳ್ಳುವ ವ್ಯವಸ್ಥೆ ಇದೆಯೇ? ಇದನ್ನು ಕೇಳುವುದಕ್ಕೆ ಸಂಕೋಚ ಬೇಡ. ಸಂಬಳ ಪಡೆಯುತ್ತಾ ಆ ಮೇಜಿಗೆ ಬರುವವರ ಮುಂದೆ ನೀನು ಒಂದು ಸಂಜೆಯ ದುಡಿಮೆ ಬಿಟ್ಟು ಬಂದಿರುತ್ತೀಯ.

"ಇಲ್ಲಿ ಎಲ್ಲಾ ಕಷ್ಟ" ಅಂದರೆ ಯಾರಿಗೂ ಬರೆದುಕೊಳ್ಳಲು ಏನೂ ಸಿಗುವುದಿಲ್ಲ. ಒಂದೇ ವಿಷಯ ಒಯ್ಯಿ. ಯಾವ ತಾರೀಕು, ಯಾವ ಕೌಂಟರು, ಯಾವ ಬಸ್ಸು, ಬಂದ ಪತ್ರ ಇದ್ದರೆ ಅದರ ಪ್ರತಿ. ನಿನ್ನ ಹೆಂಡತಿಯೂ ಮಾತಾಡಲಿ. ಹಗಲು ಹೊತ್ತು ಊರಿನಲ್ಲಿ ಓಡಾಡುವವರಿಗೆ ಕಾಣುವುದು ಆಫೀಸಿಗೆ ಹೋಗುವವರಿಗೆ ಕಾಣುವುದಿಲ್ಲ.

ಮಗಳ ವಿಷಯಕ್ಕೆ ಸಭೆಯ ತನಕ ಕಾಯಬೇಡ. ಒಂಟಾರಿಯೊದ ಬಹಳ ಶಾಲೆಗಳಿಗೆ 1999ರಿಂದಲೂ ಸೆಟ್ಲ್‌ಮೆಂಟ್ ವರ್ಕರ್ ಬರುತ್ತಾರೆ, ಅವರನ್ನು ಇಂಗ್ಲಿಷಿನ ಮೊದಲಕ್ಷರ ಸೇರಿಸಿ ಸ್ವಿಸ್ (SWIS) ವರ್ಕರ್ ಅನ್ನುತ್ತಾರೆ. ಶಾಲೆಯ ಆಫೀಸಿನಲ್ಲಿ "ಸ್ವಿಸ್ ವರ್ಕರ್ ಯಾವ ದಿನ ಇರುತ್ತಾರೆ?" ಅಂತ ಕೇಳು, ಅವರಿಗೆ ಅರ್ಥವಾಗುತ್ತದೆ. ಸ್ಕೂಲ್ ಬೋರ್ಡಿಗೂ ಏಜೆನ್ಸಿಗೂ ನಡುವೆ ನಿಂತು ಮಾತಾಡುವುದೇ ಅವರ ಕೆಲಸ.

*

ಪ್ರಶ್ನೆ: ಅಕ್ಕಾ, ನನ್ನ ಅಮ್ಮನಿಗೆ 66 ವರ್ಷ. ಇಲ್ಲಿ ನೆಲೆಸಿದವರ ಅಪ್ಪ ಅಮ್ಮಂದಿರಿಗೆ ಕೊಡುವ ಸೂಪರ್ ವೀಸಾದಲ್ಲಿ ನಮ್ಮ ಜೊತೆ ಇದ್ದಾರೆ. ನಾವಿಬ್ಬರೂ ಕೆಲಸಕ್ಕೆ ಹೋದರೆ ಇಡೀ ದಿನ ಒಬ್ಬರೇ. ಇಂಗ್ಲಿಷ್ ತರಗತಿಗೆ ಸೇರಿಸೋಣ ಅಂತ ಏಜೆನ್ಸಿಗೆ ಕರೆದುಕೊಂಡು ಹೋದೆ. ಕಾಗದ ನೋಡಿ "ಇವರಿಗೆ ಆಗುವುದಿಲ್ಲ" ಅಂದುಬಿಟ್ಟರು. ಅಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ. ಏನು ಮಾಡಲಿ?
– ಒಬ್ಬ ಮಗಳು, ಟೊರಾಂಟೊ

ಉತ್ತರ: ತಂಗೀ, ಕಾಗದ ನೋಡಿ ಬೇಡ ಅನ್ನಿಸಿಕೊಂಡು ಮನೆಗೆ ಬರುವ ದಾರಿ ಎಷ್ಟು ಉದ್ದ ಅಂತ ನನಗೆ ಗೊತ್ತು. ನನ್ನ ಅತ್ತೆಯವರ ಜೊತೆ ನಾನೂ ಆ ದಾರಿಯಲ್ಲಿ ಬಂದಿದ್ದೇನೆ.

ಲಿಂಕ್ ತರಗತಿ ಫೆಡರಲ್ ಸರ್ಕಾರದ ಹಣದಿಂದ ನಡೆಯುವುದು, 1992ರಿಂದ ಇದೆ. ಮುಖ್ಯವಾಗಿ ಪಿ.ಆರ್. ಇದ್ದವರಿಗೆ, ನಿರಾಶ್ರಿತರೆಂದು ರಕ್ಷಣೆ ಸಿಕ್ಕವರಿಗೆ ಅದು ಮೀಸಲು. ಸೂಪರ್ ವೀಸಾದವರು, 2022ರ ನಿಯಮದಂತೆ ಒಂದು ಸಲ ಬಂದರೆ ಐದು ವರ್ಷ ಇಲ್ಲೇ ಇರಬಹುದಾದರೂ, ಕಾನೂನಿನ ಕಣ್ಣಿಗೆ ಭೇಟಿಗೆ ಬಂದವರೇ. ಐದು ವರ್ಷ ಇರು ಅಂದು, ಮಾತು ಕಲಿಯಬೇಡ ಅನ್ನುವುದು ಸರಿಯಲ್ಲ ಅಂತ ನಾನು ಸಿಕ್ಕ ಸಭೆಯಲ್ಲೆಲ್ಲ ಹೇಳುತ್ತಾ ಬಂದಿದ್ದೇನೆ, ಇನ್ನೂ ಹೇಳುತ್ತೇನೆ.

ಆದರೆ ಒಂದು ಬಾಗಿಲು ಮುಚ್ಚಿತು ಅಂದರೆ ಊರಿನ ಬಾಗಿಲುಗಳೆಲ್ಲ ಮುಚ್ಚಿದವು ಅಂತಲ್ಲ. ಎಲ್ಲಿಗೆ ಹೋದರೂ ಮೊದಲು "ಈ ಕಾರ್ಯಕ್ರಮಕ್ಕೆ ಹಣ ಕೊಡುವವರು ಯಾರು?" ಅಂತ ಕೇಳು. ಫೆಡರಲ್ ಅಂದರೆ ವೀಸಾ ನೋಡುತ್ತಾರೆ. ಲೈಬ್ರರಿ, ಸಿಟಿಯ ಕಮ್ಯುನಿಟಿ ಸೆಂಟರ್, ಹಿರಿಯರ ಕೇಂದ್ರಗಳು ಸಾಮಾನ್ಯವಾಗಿ ನೋಡುವುದು ವಿಳಾಸ. ನಿಮ್ಮ ಟೊರಾಂಟೊದ ನಗರಸಭೆಯಂತೂ 2013ರಲ್ಲೇ, ವಲಸೆಯ ಕಾಗದ ಯಾವುದೇ ಇರಲಿ, ಊರಿನ ಸೇವೆಗಳನ್ನು ಭಯವಿಲ್ಲದೆ ಪಡೆಯುವಂತಿರಬೇಕು ಎಂದು ನಿರ್ಣಯ ಮಾಡಿದೆ. ನಿಮ್ಮ ಹತ್ತಿರದ ಲೈಬ್ರರಿಯಲ್ಲಿ ಇಂಗ್ಲಿಷ್ ಮಾತಾಡುವ ಬಳಗ ಇದೆಯೇ ವಿಚಾರಿಸು. ಗೊತ್ತಾಗದಿದ್ದರೆ ಊರಿನ ಸೇವೆಗಳ ಮಾಹಿತಿ ಕೊಡುವ 211ಕ್ಕೆ ಫೋನ್ ಮಾಡು. ದುಭಾಷಿಯ ಸಹಾಯ ಬೇಕೆಂದು ಅವರಿಗೆ ಹೇಳಬಹುದು.

ನಮ್ಮ ಅತ್ತೆಯವರು ಅಂಥ ಬಳಗಕ್ಕೆ ಹೋದ ಮೊದಲ ಮಂಗಳವಾರ ಹೆಸರು ಬಿಟ್ಟು ಬೇರೇನೂ ಹೇಳಲಿಲ್ಲ. ಎರಡನೆಯ ವಾರ ಹೋಗುವುದಿಲ್ಲ ಅಂತ ಹಟ ಹಿಡಿದರು, ನಾನು ರಜೆ ಹಾಕಿ ಪಕ್ಕದಲ್ಲಿ ಕೂತೆ. ಬಳಗ ನಡೆಸುವ ನಿವೃತ್ತ ಟೀಚರ್ ಆ ದಿನ ಬಸ್ಸಿನ ಡ್ರೈವರ್ ಆದರು. ಒಬ್ಬೊಬ್ಬರೂ ಬಂದು "ಈ ಬಸ್ಸು ಲೈಬ್ರರಿಗೆ ಹೋಗುತ್ತದಾ?" ಅಂತ ಇಂಗ್ಲಿಷಿನಲ್ಲಿ ಕೇಳಬೇಕು. ಅತ್ತೆ ಸೆರಗನ್ನು ಸರಿಮಾಡಿಕೊಂಡು ಎದ್ದರು, ಕೇಳಿದರು. ಡ್ರೈವರ್ "ಹೋಗುತ್ತದೆ, ಕೂತ್ಕೊಳ್ಳಿ" ಅಂದರು. ಮುಂದಿನ ತಿಂಗಳು ಅದೇ ವಾಕ್ಯವನ್ನು ನಿಜವಾದ ಡ್ರೈವರನ್ನು ಕೇಳಿ ಒಬ್ಬರೇ ಹೋಗಿ ಬಂದರು. ಮನೆಗೆ ಬಂದವರು ಕೋಟು ಬಿಚ್ಚುವ ಮುಂಚೆ ನನಗೆ ಬಸ್ಸಿನ ಟಿಕೆಟ್ ತೋರಿಸಿದರು. ಅದು ಇನ್ನೂ ನನ್ನ ಹತ್ತಿರ ಇದೆ.

ಆದ್ದರಿಂದ ಮೊದಲ ಎರಡು ವಾರ ಹೇಗಾದರೂ ಮಾಡಿ ನೀನೂ ಜೊತೆಗೆ ಹೋಗು. ಇನ್ನೊಂದು ಮಾತು, ಸೂಪರ್ ವೀಸಾದವರಿಗೆ ಪ್ರಾಂತ್ಯದ ಸರ್ಕಾರಿ ಆರೋಗ್ಯ ವಿಮೆಯ ಒಹಿಪ್ ಕಾರ್ಡು ಸಿಗುವುದಿಲ್ಲ. ಕನಿಷ್ಠ 1,00,000 ಡಾಲರಿನ ಖಾಸಗಿ ವಿಮೆ ಮಾಡಿಸಿಯೇ ಬಂದಿರುತ್ತಾರೆ. ಆ ವಿಮೆಯ ಫೋನ್ ನಂಬರನ್ನು ಅಮ್ಮನ ಪರ್ಸಿನಲ್ಲಿ ಒಂದು ಚೀಟಿಯಲ್ಲಿ ಬರೆದಿಡು. ಹೊರಗೆ ಓಡಾಡುವವರಿಗೆ ಅದು ಬೇಕಾಗುತ್ತದೆ.

*

ಪ್ರಶ್ನೆ: ನಾನು ಬಂದು ಹದಿನೈದು ವರ್ಷವಾಯಿತು, ಸಿಟಿಜನ್ ಆಗಿದ್ದೇನೆ. ಈಗ ಬರುವವರಿಗೆ ಏನಾದರೂ ಮಾಡಬೇಕು ಅನ್ನಿಸುತ್ತದೆ. ಕನ್ನಡ, ಹಿಂದಿ, ಇಂಗ್ಲಿಷ್ ಬರುತ್ತದೆ. ಎಲ್ಲಿಂದ ಶುರು ಮಾಡಲಿ?
– ಓದುಗ, ಮಿಸ್ಸಿಸಾಗಾ

ಉತ್ತರ: ನಿಮ್ಮ ಪತ್ರ ನೋಡಿ ಮನಸ್ಸು ತುಂಬಿತು. ನಿಮ್ಮ ವೃತ್ತಿಯವರೇ ಯಾರಾದರೂ ಹೊಸಬರಿಗೆ ದಾರಿ ತೋರಿಸಿ. ಟೊರಾಂಟೊ ಸುತ್ತಮುತ್ತ, ವಲಸೆ ಬಂದವರಿಗೆ ಅವರ ವೃತ್ತಿಯಲ್ಲೇ ಕೆಲಸ ಸಿಗಲು ನೆರವಾಗುವ ಟ್ರೀಕ್ ಸಂಸ್ಥೆಯ ಮೆಂಟರಿಂಗ್ ಪಾರ್ಟ್‌ನರ್‌ಶಿಪ್ 2004ರಿಂದ ಹೀಗೆ ಜೋಡಿ ಮಾಡಿಸುತ್ತಿದೆ. ಟೊರಾಂಟೊ ನಗರಸಭೆ ತನ್ನ ನೌಕರರನ್ನೇ ಮೆಂಟರ್‌ಗಳಾಗಿ ಕಳಿಸಿದೆ. ಕೆಲಸ ಕೊಡಿಸುವ ಹೊಣೆ ನಿಮ್ಮದಲ್ಲ. ಇಲ್ಲಿ ಇಂಟರ್‌ವ್ಯೂನಲ್ಲಿ ಏನು ಕೇಳುತ್ತಾರೆ, ಯಾರನ್ನು ಕಾಣಬೇಕು ಅಂತ ಹೇಳಿಕೊಡುವುದು. ಹದಿನೈದು ವರ್ಷದ ಕೆಳಗೆ ಅದನ್ನು ಹೇಳಿಕೊಡುವವರು ನಿಮಗೂ ಸಿಕ್ಕಿರಲಿಕ್ಕಿಲ್ಲ.

ಮಕ್ಕಳ, ಹಿರಿಯರ ಜೊತೆ ಕೆಲಸ ಮಾಡಬೇಕೆಂದರೆ ಪೊಲೀಸ್ ಚೆಕ್ ಕೇಳುತ್ತಾರೆ. ಅದಕ್ಕೆ ಕೆಲವು ವಾರ ಹಿಡಿಯಬಹುದು, ಈಗಲೇ ಅರ್ಜಿ ಹಾಕಿ. ಭಾಷೆ ಬರುತ್ತದೆಂದು ಆಸ್ಪತ್ರೆಯಲ್ಲಿ, ಕೋರ್ಟಿನಲ್ಲಿ ಮಾತ್ರ ದುಭಾಷಿಯಾಗಿ ನಿಲ್ಲಬೇಡಿ. ಔಷಧದ ಪ್ರಮಾಣದಲ್ಲಿ ಒಂದು ಪದ ತಪ್ಪಿದರೂ ಕಷ್ಟ. ತರಬೇತಾದ ದುಭಾಷಿ ಬೇಕು ಅಂತ ಅವರ ಪರವಾಗಿ ಕೇಳಿ, ಅದೇ ದೊಡ್ಡ ಉಪಕಾರ.

ಇನ್ನು ನನ್ನದೊಂದು ಕೋರಿಕೆ. ನಿಮ್ಮ ಊರಿನ ಕನ್ನಡ ಸಂಘದಲ್ಲಿ ಈ ವಿಷಯ ಎತ್ತಿ. ಹಬ್ಬದ ದಿನ ಸಭಾಂಗಣ ತುಂಬ ನಾವು ನಾವೇ ಸೇರಿ ಸಂತೋಷಪಡುತ್ತೇವೆ, ಅದು ಬೇಕು. ಆದರೆ ಊರು ಹೊಸಬರ ಬಗ್ಗೆ ಮಾತಾಡುವ ಮೇಜಿನಲ್ಲಿ ನಮ್ಮ ಕುರ್ಚಿ ಎಷ್ಟೋ ಕಡೆ ಖಾಲಿ. ಒಟ್ಟಾವಾದ ಪಾರ್ಟ್‌ನರ್‌ಶಿಪ್ 2013ರಿಂದ ಪ್ರತಿ ಜೂನ್‌ನಲ್ಲಿ ಹೊಸಬರನ್ನು ಸ್ವಾಗತಿಸುವ ವಾರ ನಡೆಸುತ್ತಾ ಬಂದಿದೆ. ಅಲ್ಲಿ ಬೇರೆ ಬೇರೆ ಸಂಸ್ಥೆಗಳು ತಮ್ಮ ಕಾರ್ಯಕ್ರಮ ಮಾಡುತ್ತವೆ. ಸಂಘದಿಂದ ಒಬ್ಬರನ್ನು, ಸಾಧ್ಯವಾದರೆ ಬಂದು ಎರಡು ಮೂರು ವರ್ಷವಾದವರನ್ನು, ನಿಮ್ಮಲ್ಲಿನ ಇಂಥ ಸಭೆಗೆ ಕಳಿಸಿ. ಮೊದಲ ಸಲ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋಗುವ ಕೆಲಸ ನಿಮ್ಮದಾಗಲಿ. ಬಸ್ಸು ತಡವಾಗಿ ಬರುವ ಕಡೆ ಅಷ್ಟೇ ಸಾಕಾಗುತ್ತದೆ.