ಕೂದಲಿನ ಹಗ್ಗ, ಕಾರಿನ ಬಂಪರ್

ಪ್ರಶ್ನೆ: ಮೊನ್ನೆ ಬೆಂಗಳೂರಿನಲ್ಲಿ ಹಲವು ಕಲಾವಿದರ ಪ್ರದರ್ಶನ ನೋಡಿದೆ. ಗೋಣಿಚೀಲ, ತುಕ್ಕು ಹಿಡಿದ ತಗಡು, ಹಳೇ ಫೋಟೊ ಎಲ್ಲ ಒಂದೇ ಗೋಡೆಯ ಮೇಲೆ. ಏನೂ ಅರ್ಥವಾಗಲಿಲ್ಲ. ಇಂಥವನ್ನು ನೋಡುವುದು ಹೇಗೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅರ್ಥ ಆಮೇಲೆ ಹುಡುಕೋಣ. ಮೊದಲು ಸಾಮಗ್ರಿ ನೋಡಿ. ಅದನ್ನು ಯಾರು, ಯಾತಕ್ಕೆ ಬಳಸುತ್ತಿದ್ದರು?

ನಿಮ್ಮ ಪಕ್ಕದ ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರ ‘ಬಿಹೋಲ್ಡ್’ ಕೃತಿ 2009ರ ವೆನಿಸ್ ಬಿನಾಲೆಯಲ್ಲಿತ್ತು (ಇಟಲಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾ ಪ್ರದರ್ಶನ ಅದು). ಮನುಷ್ಯರ ಕೂದಲಿನಿಂದ ಹೊಸೆದ ಸುಮಾರು 4 ಕಿಲೋಮೀಟರ್ ಹಗ್ಗ, ಅದರಲ್ಲಿ ತೂಗುವ ಕಾರಿನ ಬಂಪರ್‌ಗಳು. ಅಷ್ಟೇ. ದೃಷ್ಟಿ ತಾಗದಿರಲಿ ಅಂತ ಗಾಡಿಯ ಬಂಪರ್‌ಗೆ ಕೂದಲಿನ ಹಗ್ಗ ಕಟ್ಟುವುದನ್ನು ನಾವೆಲ್ಲ ಕಂಡಿದ್ದೇವೆ, ಅಲ್ವಾ? ನಮ್ಮ ತಂದೆಯ ಲಾರಿಗೂ ಇತ್ತು. ಕೃತಿಯ ಫೋಟೊ ನೋಡಿದಾಗ ನನಗೆ ಮೊದಲು ನೆನಪಾದದ್ದು ಆ ಲಾರಿ, ಅದರ ಡೀಸೆಲ್ ವಾಸನೆ. ಹರಕೆಗೆ ಕೊಟ್ಟ ಮುಡಿ ಉಕ್ಕಿನ ಭಾರ ಹೊತ್ತು ನಿಂತಿದೆ ಅನ್ನಿಸಿದ್ದು ಆಮೇಲೆ. ನಿಮಗೆ ಬೇರೇನೋ ಅನ್ನಿಸಬಹುದು. ಅದು ತಪ್ಪಲ್ಲ.

ಗೋಡೆಯ ಚೀಟಿಯಲ್ಲಿ ಹೆಸರಿಗಿಂತ ಮೊದಲು ಸಾಮಗ್ರಿಯ ಸಾಲು ಓದಿ. ಪಕ್ಕದ ಕೃತಿಯ ಜತೆ ಇಟ್ಟು ನೋಡಿ. ಗೋಣಿಯ ಪಕ್ಕದ ಫೋಟೊ ಬೇರೆಯೇ ಕಾಣುತ್ತದೆ. ಕಲಾವಿದರು ಅಲ್ಲೇ ಇದ್ದರೆ, ಆ ತಗಡು ಎಲ್ಲಿ ಸಿಕ್ಕಿತು ಅಂತ ಕೇಳಿಬಿಡಿ.