ನಾಯಿ ಪದೇ ಪದೇ ಅಂಡನ್ನು ನೆಲಕ್ಕೆ ಉಜ್ಜುತ್ತಿದೆ, ಏನು ಮಾಡಲಿ?

ನಿಮ್ಮದು ನಾಲ್ಕು ವರ್ಷದ ಲ್ಯಾಬ್ರಡಾರ್ ಗಂಡುನಾಯಿ. ಜಂತುಹುಳದ ಮಾತ್ರೆ ಕೊಟ್ಟಾಯ್ತು, ಗ್ರೂಮರ್ (ನಾಯಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವವರು) ಹತ್ತಿರ ಗುದದ ಪಕ್ಕದ ಗ್ಲ್ಯಾಂಡ್ ಹಿಂಡಿಸಿಯೂ ಆಯ್ತು. ಆದರೂ ಎರಡು ಮೂರು ವಾರಕ್ಕೆ ಮತ್ತೆ ಅಂಡು ಎಳೆಯುತ್ತಾನೆ, ತಿರುಗಿ ತಿರುಗಿ ನೆಕ್ಕುತ್ತಾನೆ. ತಿಂಗಳಿಗೊಮ್ಮೆ ಹಿಂಡಿಸುತ್ತಾ ಹೋಗಬೇಕಾ, ಕೊಬ್ಬರಿ ಎಣ್ಣೆ ಹಚ್ಚಬಹುದಾ ಅಂತ ಕೇಳಿದ್ದೀರಿ.

ಸುಮ್ನೆ ಹಿಂಡಿಸುತ್ತಾ ಹೋಗಬೇಡಿ. ಆ ಗ್ಲ್ಯಾಂಡ್ ಯಾಕೆ ತಾನಾಗಿ ಖಾಲಿಯಾಗುತ್ತಿಲ್ಲ ಅನ್ನೋದನ್ನು ಹುಡುಕಿ. ಕಾರಣ ಸಿಗದೆ ಹಿಂಡಿಸಿದರೆ ಎರಡು ವಾರ ಆರಾಮ, ಆಮೇಲೆ ಅದೇ ಪಾಡು. ನಾನು ವರ್ಷಗಳಿಂದ ನಾಯಿ ಸಾಕುತ್ತಿದ್ದೇನೆ. ಹಿಂಡಿಸುವುದನ್ನೇ ಚಿಕಿತ್ಸೆ ಅಂದುಕೊಂಡ ಮನೆಗಳಲ್ಲಿ ನಾಯಿಗಳು ಸುಮ್ಮನೆ ನೋವು ತಿನ್ನುವುದನ್ನು ನೋಡಿ ಸಂಕಟವಾಗುತ್ತದೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಾಯಿಯ ಗುದದ ಎರಡೂ ಪಕ್ಕದಲ್ಲಿ, ಗಡಿಯಾರದ 4 ಮತ್ತು 8 ಗಂಟೆಯ ಜಾಗದಲ್ಲಿ, ಚರ್ಮದ ಒಳಗೆ ಎರಡು ಸಣ್ಣ ಚೀಲಗಳಿರುತ್ತವೆ. ಗ್ಲ್ಯಾಂಡ್ ಅನ್ನುವುದು ಇವನ್ನೇ. ಅದರಲ್ಲಿ ಕೆಟ್ಟ ಮೀನಿನ ವಾಸನೆಯ ದ್ರವ ತುಂಬುತ್ತಾ ಇರುತ್ತದೆ. ಮಲ ಗಟ್ಟಿಯಾಗಿ ಬಂದಾಗ ಚೀಲಗಳು ಒತ್ತಿ, ದ್ರವ ಸಣ್ಣ ರಂಧ್ರದಿಂದ ಹೊರಗೆ ಬರುತ್ತದೆ. ಮಲ ಸದಾ ಮೆತ್ತಗಿದ್ದರೆ ಆ ಒತ್ತಡ ಬೀಳುವುದಿಲ್ಲ. ನಾಯಿ ದಪ್ಪಗಾದರೂ ಚೀಲ ಸರಿಯಾಗಿ ಖಾಲಿಯಾಗದೆ ಉಳಿಯಬಹುದು. ಅಲರ್ಜಿಯಿಂದ ಚರ್ಮ ಊದಿಕೊಂಡರೆ ಆ ರಂಧ್ರವೇ ಕಟ್ಟಿಕೊಳ್ಳುತ್ತದೆ. ಒಳಗೆ ಉಳಿದ ದ್ರವ ಗಟ್ಟಿಯಾಗುತ್ತದೆ, ಸೋಂಕಾಗುತ್ತದೆ, ಕೊನೆಗೆ ಕೀವು ಕಟ್ಟುತ್ತದೆ.

ಗ್ರೂಮರ್‌ಗಳು ಸಾಮಾನ್ಯವಾಗಿ ಹೊರಗಿನಿಂದ ಒತ್ತುತ್ತಾರೆ. ಹಾಗೆ ಮಾಡಿದರೆ ಗಟ್ಟಿಯಾದ ದ್ರವ ಪೂರ್ತಿ ಬರುವುದಿಲ್ಲ. ಪಶುವೈದ್ಯರು ಗ್ಲೌಸ್ ಹಾಕಿ ಬೆರಳನ್ನು ಒಳಗೆ ಇಟ್ಟು ಒತ್ತುತ್ತಾರೆ. ಆಗ ಚೀಲ ಖಾಲಿಯಾಗುತ್ತದೆ. ಬಂದದ್ದು ಬರೀ ಕಂದು ದ್ರವವಾ, ರಕ್ತ ಕೀವು ಸೇರಿದೆಯಾ, ಒಳಗೆ ಗಂಟು ಇದೆಯಾ ಅನ್ನುವುದೂ ತಿಳಿಯುತ್ತದೆ. ತೊಂದರೆ ಇಲ್ಲದ ನಾಯಿಗೂ ಸ್ನಾನದ ಪ್ಯಾಕೇಜ್ ಜೊತೆಗೆ ಗ್ಲ್ಯಾಂಡ್ ಹಿಂಡುವುದು ಈಗ ರೂಢಿಯಾಗಿದೆ. ಅದು ಬೇಡವೇ ಬೇಡ. ಮತ್ತೆ ಮತ್ತೆ ಅಮುಕಿದರೆ ಅಲ್ಲೇ ಗಾಯವಾಗಿ ಊತ ಬರಬಹುದು.

ಈಗ ಹುಳದ ವಿಷಯ. ಮನೆಯ ಹಿರಿಯರು "ಹೊಟ್ಟೆಯಲ್ಲಿ ಹುಳ ಆಗಿದೆ" ಅನ್ನುತ್ತಾರೆ, ಕೆಲವು ಸಲ ಅದು ನಿಜವೇ. ಆದರೆ ಅಂಡಿನ ತುರಿಕೆಗೆ ಕಾರಣವಾಗುವುದು ಹೆಚ್ಚಾಗಿ ಲಾಡಿಹುಳು. ಬಾಲದ ಕೆಳಗಿನ ಕೂದಲಲ್ಲಿ, ಅವನು ಮಲಗುವ ಬಟ್ಟೆಯ ಮೇಲೆ ಒಣಗಿದ ಅಕ್ಕಿ ಕಾಳಿನಂಥ ಚೂರುಗಳು ಕಾಣುತ್ತವಾ ನೋಡಿ. ಹೊಸದಾಗಿದ್ದರೆ ಬೆಳ್ಳಗಿದ್ದು ಅಲುಗಾಡುತ್ತವೆ. ಮಲ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ ಅಂದ ಮಾತ್ರಕ್ಕೆ ಲಾಡಿಹುಳು ಇಲ್ಲ ಅಂತಲ್ಲ. ಅದರ ಮೊಟ್ಟೆಗಳು ಈ ಚೂರುಗಳೊಳಗೇ ಇರುವುದರಿಂದ ಎಷ್ಟೋ ಸಲ ಸಿಗುವುದಿಲ್ಲ.

ಎಲ್ಲ ಹುಳದ ಔಷಧಿ ಲಾಡಿಹುಳುವನ್ನು ಕೊಲ್ಲುವುದಿಲ್ಲ. ಮರಿಗಳಿಗೆ ಕೊಡುವ ಪೈರಾಂಟೆಲ್ ಸಿರಪ್‌ ಒಂದರಿಂದಲೇ ಅದು ಹೋಗದು. ಅದಕ್ಕೆ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆ ಬೇಕು. ನಾಯಿಗಳ ಸಾಮಾನ್ಯ ಮಾತ್ರೆಯಲ್ಲಿ ಇದು 50 ಮಿಲಿಗ್ರಾಂ ಇರುತ್ತದೆ, 10 ಕೆಜಿ ತೂಕಕ್ಕೆ ಒಂದು ಅನ್ನುವ ಲೆಕ್ಕ. ನಿಮ್ಮವನು 30 ಕೆಜಿ ಇದ್ದು ನೀವು ಒಂದೇ ಮಾತ್ರೆ ಕೊಟ್ಟಿದ್ದರೆ ಹುಳ ಪೂರ್ತಿ ಹೋಗಿರಲಿಕ್ಕಿಲ್ಲ. ಕಣ್ಣಂದಾಜು ಬೇಡ, ತೂಕ ಮಾಡಿಸಿಯೇ ಕೊಡಿ.

ಇನ್ನೂ ಒಂದು ವಿಷಯವನ್ನು ಜನ ಗಮನಿಸುವುದಿಲ್ಲ. ಈ ಲಾಡಿಹುಳು ಬರುವುದು ಚಿಗಟದಿಂದ. ಚಿಗಟದ ಮರಿಯು ಲಾಡಿಹುಳುವಿನ ಮೊಟ್ಟೆ ತಿನ್ನುತ್ತದೆ. ನಾಯಿ ಮೈ ಕಚ್ಚಿಕೊಳ್ಳುವಾಗ ದೊಡ್ಡ ಚಿಗಟವನ್ನು ನುಂಗುತ್ತದೆ. ಎರಡು ಮೂರು ವಾರದಲ್ಲಿ ಹೊಟ್ಟೆಯೊಳಗೆ ಹೊಸ ಲಾಡಿಹುಳು ಬೆಳೆದಿರುತ್ತದೆ. "ಎರಡು ಮೂರು ವಾರಕ್ಕೆ ಮತ್ತೆ ಶುರು" ಅಂದಿದ್ದೀರಲ್ಲ, ನನಗೆ ಮೊದಲು ಹೊಳೆದದ್ದು ಇದೇ. ಹಾಗಾಗಿ ಮಾತ್ರೆಯ ಜೊತೆ ಚಿಗಟಕ್ಕೂ ಔಷಧಿ ಆಗಬೇಕು. ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಆಗಬೇಕು. ಚಾಪೆ, ಸೋಫಾ ಸಂದು, ಅವನ ಹಾಸಿಗೆಯಲ್ಲಿ ಚಿಗಟದ ಮೊಟ್ಟೆ, ಮರಿ ಇರುತ್ತವೆ. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಿರಿ. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಿ. ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಔಷಧಿಯನ್ನು ಬೆಕ್ಕಿಗೆ ಮಾತ್ರ ತಪ್ಪಿಯೂ ಹಾಕಬೇಡಿ, ಜೀವಕ್ಕೇ ಅಪಾಯ.

ಹುಳ ಇಲ್ಲ, ಚಿಗಟ ಇಲ್ಲ ಅಂತ ಖಚಿತವಾದರೆ ಊಟ ನೋಡಿ. ನಮ್ಮ ಮನೆಯ ಲ್ಯಾಬ್ರಡಾರ್ ಹೆಣ್ಣಿಗೂ ಇದೇ ಕಾಟ ಇತ್ತು. ಅವಳಿಗೆ ಹಾಲು, ಮೊಸರನ್ನ ಜಾಸ್ತಿ ಆಗಿ ಮಲ ಯಾವಾಗಲೂ ಮೆತ್ತಗೆ ಇರುತ್ತಿತ್ತು, ಮೈಯೂ ಬಂದಿತ್ತು. ನಮ್ಮ ಪಶುವೈದ್ಯರು ಹಾಲು ನಿಲ್ಲಿಸಿ, ಅನ್ನ ಕಡಿಮೆ ಮಾಡಿ, ಬೇಯಿಸಿದ ಸಿಹಿಗುಂಬಳ ಸೇರಿಸಲು ಹೇಳಿದರು. ಉಪ್ಪು, ಖಾರ, ಒಗ್ಗರಣೆ, ಈರುಳ್ಳಿ ಏನೂ ಇಲ್ಲದ ಬರೀ ಗುಂಬಳ, ದಿನಕ್ಕೆ ಎರಡು ದೊಡ್ಡ ಚಮಚ. ಮಲ ಗಟ್ಟಿಯಾದ ಮೇಲೆ, ತೂಕ ಇಳಿದ ಮೇಲೆ ಅವಳಿಗೆ ಗ್ಲ್ಯಾಂಡ್ ಹಿಂಡಿಸುವ ಅಗತ್ಯವೇ ಬರಲಿಲ್ಲ. ಗುಂಬಳ ಸಿಗದಿದ್ದರೆ ಇಸಬ್ಗೋಲ್ ಅರ್ಧ ಚಮಚ ನೀರಲ್ಲಿ ನೆನೆಸಿ ಊಟಕ್ಕೆ ಬೆರೆಸಬಹುದು. ಕುಡಿಯುವ ನೀರು ಸದಾ ಪಕ್ಕದಲ್ಲಿರಲಿ.

ಅವನು ಪಾದ ನೆಕ್ಕುತ್ತಾನಾ? ಕಿವಿಯಲ್ಲಿ ಕಂದು ಗುಗ್ಗೆ, ಹೊಟ್ಟೆ ತೊಡೆ ಸಂದಿಯಲ್ಲಿ ಕೆಂಪು ಇದೆಯಾ? ಇದ್ದರೆ ಅಲರ್ಜಿಯ ಅನುಮಾನ ಜಾಸ್ತಿ. ಅಂಡಿನ ತುರಿಕೆ ಅದರ ಒಂದು ತುಣುಕು ಅಷ್ಟೇ. ಊಟದ ಅಲರ್ಜಿ ಪತ್ತೆಗೆ ಅವನು ಈವರೆಗೆ ತಿಂದಿರದ ಒಂದೇ ಬಗೆಯ ಮಾಂಸ ಅಥವಾ ಮೀನು ಇಟ್ಟುಕೊಂಡು ಕನಿಷ್ಠ ಎಂಟು ವಾರ ನೋಡಬೇಕು. ಕೋಳಿ ತಿಂದೇ ಬೆಳೆದವನಿಗೆ ಮುಳ್ಳು ತೆಗೆದ ಬೂತಾಯಿ ಆಗಬಹುದು. ಆ ಎಂಟು ವಾರ ಚಹಾ ಜೊತೆಗಿನ ಬಿಸ್ಕತ್ತು, ಅಜ್ಜಿ ಕೊಡುವ ದೋಸೆ ತುಂಡು ಏನೂ ಇಲ್ಲ. ಇಲ್ಲಿ ಮನೆಮಂದಿಯೆಲ್ಲ ಒಪ್ಪಬೇಕು, ಇಲ್ಲದಿದ್ದರೆ ಪರೀಕ್ಷೆ ವ್ಯರ್ಥ.

ಕೆಲವು ಲಕ್ಷಣಗಳಿದ್ದರೆ ಇದೆಲ್ಲ ಬಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ. ಗುದದ ಒಂದು ಪಕ್ಕ ಊದಿ ಕೆಂಪಾಗಿ ಬಿಸಿಯಾಗಿದ್ದರೆ, ಮುಟ್ಟಿದರೆ ಕಿರುಚಿದರೆ, ರಕ್ತ ಕೀವು ಸೋರಿದರೆ ಕುರು ಆಗಿದೆ ಅಂತ ಅರ್ಥ. ಅದನ್ನು ಮನೆಯಲ್ಲಿ ಒತ್ತಬೇಡಿ. ಒಡೆದ ಗಾಯಕ್ಕೆ ನೊಣ ಕೂತು ಬಹಳ ಬೇಗ ಹುಳ ಬೀಳುತ್ತದೆ, ಮಳೆಗಾಲದಲ್ಲಂತೂ ಇನ್ನೂ ಬೇಗ. ವಯಸ್ಸಾದ ನಾಯಿಗೆ ಒಂದೇ ಪಕ್ಕ ಗಟ್ಟಿ ಗಂಟಿದ್ದು, ನೀರು ಕುಡಿಯುವುದು, ಉಚ್ಚೆ ಹೊಯ್ಯುವುದು ಜಾಸ್ತಿಯಾಗಿದ್ದರೆ ಗ್ಲ್ಯಾಂಡಿನ ಕ್ಯಾನ್ಸರ್ ಇರಬಹುದು, ರಕ್ತದಲ್ಲಿ ಕ್ಯಾಲ್ಸಿಯಂ ನೋಡಿಸಬೇಕು. ಜರ್ಮನ್ ಶೆಫರ್ಡ್‌ಗಳಲ್ಲಿ ಗುದದ ಸುತ್ತ ತೂತು ತೂತಾಗಿ ಹುಣ್ಣಾಗುವ ಬೇರೆಯೇ ಕಾಯಿಲೆ ಇದೆ. ಅದಕ್ಕೆ ಔಷಧಿಯೂ ಬೇರೆ.

ಕೊಬ್ಬರಿ ಎಣ್ಣೆ ಬಗ್ಗೆ: ಹಚ್ಚಿದರೆ ಅವನು ನೆಕ್ಕಿಬಿಡುತ್ತಾನೆ, ಒಳಗಿನ ಚೀಲಕ್ಕೆ ಅದರಿಂದ ಏನೂ ಆಗುವುದಿಲ್ಲ. ಡೆಟಾಲ್ ಬೇಡ, ಉರಿಯುತ್ತದೆ, ನೆಕ್ಕಿದರೆ ಇನ್ನೂ ತೊಂದರೆ. ಉಗುರು ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಹಿಂಡಿ, ಐದು ಹತ್ತು ನಿಮಿಷ ಅಲ್ಲಿ ಇಟ್ಟರೆ ತುರಿಕೆ ಸ್ವಲ್ಪ ತಗ್ಗುತ್ತದೆ. ಆಮೇಲೆ ಒರೆಸಿ ಒಣಗಿಸಿ. ನೆಕ್ಕುವುದು ನಿಲ್ಲದಿದ್ದರೆ ಕೊರಳಿಗೆ ಕೋನ್ (ನೆಕ್ಕದಂತೆ ತಡೆಯುವ ಅಗಲ ಕೊರಳಪಟ್ಟಿ) ಹಾಕಿ. ನೋವಿಗೆ ನಾವು ನುಂಗುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಯಾವುದನ್ನೂ ನೀವಾಗಿ ಕೊಡಬೇಡಿ.

ಆಸ್ಪತ್ರೆಗೆ ಹೋಗುವಾಗ ಆ ದಿನದ ಮಲವನ್ನು ಡಬ್ಬಿಯಲ್ಲಿ ಒಯ್ಯಿರಿ, ಅವನು ಅಂಡು ಉಜ್ಜುವ ವಿಡಿಯೊ ಫೋನಿನಲ್ಲಿರಲಿ, ಕೊಟ್ಟ ಮಾತ್ರೆಯ ಹೆಸರು ಮತ್ತು ತಾರೀಕು ಬರೆದಿಟ್ಟುಕೊಳ್ಳಿ. "ಬೆರಳು ಹಾಕಿ ಒಳಗೆ ನೋಡಿ ಡಾಕ್ಟ್ರೇ" ಅಂತ ನೀವೇ ಕೇಳಿ. ಗ್ಲ್ಯಾಂಡ್ ತೆಗೆಸುವ ಆಪರೇಷನ್ ಮಾತು ಬಂದರೆ ಅದು ಕಟ್ಟಕಡೆಯ ದಾರಿ. ಆಮೇಲೆ ಮಲ ಹಿಡಿದುಕೊಳ್ಳಲು ಕಷ್ಟವಾಗುವ ಸಾಧ್ಯತೆ ಇದೆ, ಇನ್ನೊಬ್ಬ ವೈದ್ಯರನ್ನೂ ಕೇಳಿಯೇ ಒಪ್ಪಿ.