ಪೈಥಾನ್ ಬರುತ್ತೆ, ಫೆಲೋಶಿಪ್ ಎಲ್ಲಿದೆ?

ಪ್ರಶ್ನೆ: ನಾವು ಡೊಂಬಿವಲಿಯವರು. ಮಗಳು ಮುಂಬೈ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಮುಗಿಸಿದ್ದಾಳೆ. ಪೈಥಾನ್ ಚೆನ್ನಾಗಿ ಬರುತ್ತೆ. ಐಟಿ ಕಂಪನಿ ಬೇಡ, ಪ್ರೋಗ್ರಾಮಿಂಗ್ ಇರುವ ರಿಸರ್ಚ್ ಫೆಲೋಶಿಪ್ ಬೇಕು ಅಂತಾಳೆ. ಹುಡುಕಿದರೆ ಕಂಪ್ಯೂಟರ್ ಸೈನ್ಸ್‌ನವರಿಗೆ ಮಾತ್ರ ಅಂತಲೇ ಬರುತ್ತದೆ. ಎಲ್ಲಿ ನೋಡಬೇಕು?

ಉತ್ತರ: ಮೊದಲು ಹುಡುಕುವ ಪದವನ್ನೇ ಬದಲಿಸಲಿ. 'ಕಂಪ್ಯೂಟರ್ ಫೆಲೋಶಿಪ್' ಅಂತ ಹಾಕಿದರೆ ಕಂಪ್ಯೂಟರ್ ವಿಭಾಗದವೇ ಬರುತ್ತವೆ, ಅಲ್ವಾ? ಕೋಡ್ ಬರೆಯುವವರು ಬೇಕಾದ ಎಷ್ಟೋ ಜಾಗಗಳು ಮಳೆ, ಸಮುದ್ರ, ನಕ್ಷತ್ರ, ಪ್ರೋಟೀನ್ ಹೆಸರಲ್ಲಿ ಇರುತ್ತವೆ. ಜಾಹೀರಾತಿನ ತಲೆಯಲ್ಲಿ ಬರೀ 'ಜೂನಿಯರ್ ರಿಸರ್ಚ್ ಫೆಲೋ' ಅಥವಾ 'ಪ್ರಾಜೆಕ್ಟ್ ಅಸೋಸಿಯೇಟ್' ಅಂತಿರುತ್ತದೆ. ಕೆಳಗೆ 'ಡಿಸೈರಬಲ್' (ಇದ್ದರೆ ಒಳ್ಳೆಯದು) ಅನ್ನುವ ಸಾಲಿದೆ ನೋಡಿ, ಪೈಥಾನ್, ಲಿನಕ್ಸ್ ಎಲ್ಲ ಕೂತಿರುವುದು ಅಲ್ಲಿ.

ನಿಮಗೆ ಪುಣೆ ದೂರವಲ್ಲ. ಅಲ್ಲಿನ ಪಾಷಾಣ್ ಬಡಾವಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನಲ್ಲಿ ಮುಂಗಾರಿನ ಮಾಡೆಲ್‌ಗಳನ್ನು (ಮಳೆ-ಗಾಳಿಯನ್ನು ಲೆಕ್ಕದಲ್ಲಿ ಅನುಕರಿಸುವ ಪ್ರೋಗ್ರಾಂಗಳನ್ನು) ಸೂಪರ್‌ಕಂಪ್ಯೂಟರ್ ಮೇಲೆ ಓಡಿಸುತ್ತಾರೆ. ಇಲ್ಲಿ ಪೈಥಾನ್ ಒಂದೇ ಸಾಲದು. ಹವಾಮಾನದ ದೊಡ್ಡ ಮಾಡೆಲ್‌ಗಳು ಇವತ್ತಿಗೂ ಹೆಚ್ಚಾಗಿ ಫೋರ್ಟ್ರಾನ್‌ನಲ್ಲಿವೆ. 1957ರ ಭಾಷೆ ಅಂತ ಹುಡುಗರು ಮೂಗು ಮುರಿಯುತ್ತಾರೆ. ಅದಕ್ಕೇ ನಾನು ಕಲಿಯಿರಿ ಅನ್ನುವುದು, ಪೈಪೋಟಿ ಕಡಿಮೆ. ಪುಣೆ ವಿಶ್ವವಿದ್ಯಾಲಯದ ಆವರಣದಲ್ಲೇ ರೇಡಿಯೋ ಖಗೋಳದ ಎನ್‌ಸಿಆರ್‌ಎ ಮತ್ತು ಖಗೋಳ ವಿಜ್ಞಾನದ ಐಯುಕಾ ಸಂಸ್ಥೆಗಳಿವೆ. ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ ಎನ್‌ಸಿಆರ್‌ಎಯ ರೇಡಿಯೋ ಟೆಲಿಸ್ಕೋಪ್ ಇದೆ, ತಲಾ 45 ಮೀಟರ್ ಅಗಲದ 30 ಡಿಶ್‌ಗಳು. ಅಲ್ಲಿಂದ ಬರುವ ಡೇಟಾದಲ್ಲಿ ಗದ್ದಲ ತೆಗೆದು ಸಿಗ್ನಲ್ ಹುಡುಕಲು ಕೋಡ್ ಬೇಕೇ ಬೇಕು. ಫಿಸಿಕ್ಸ್ ಓದಿದವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ. ಪುಣೆಯಲ್ಲೇ ಇರುವ ರಸಾಯನಶಾಸ್ತ್ರದ ಎನ್‌ಸಿಎಲ್, ವಿಜ್ಞಾನ ಶಿಕ್ಷಣ-ಸಂಶೋಧನೆಯ ಐಸರ್, ಮುಂಬೈ ಕೊಲಾಬಾದ ಮೂಲವಿಜ್ಞಾನ ಸಂಸ್ಥೆ ಟಿಐಎಫ್‌ಆರ್, ಪವಾಯಿಯ ಐಐಟಿ, ಗೋವಾ ದೋನಾ ಪಾವ್ಲಾದ ಸಮುದ್ರ ವಿಜ್ಞಾನ ಸಂಸ್ಥೆ ಎನ್‌ಐಒ ಇವುಗಳ ವೆಬ್‌ಸೈಟನ್ನೂ ವಾರಕ್ಕೊಮ್ಮೆ ತೆರೆದು ನೋಡಲಿ. ಗಡುವು ಕೆಲವೊಮ್ಮೆ ಎರಡು ವಾರವೂ ಇರುವುದಿಲ್ಲ.

ದುಡ್ಡಿನ ಮಾತು. ಜೆಆರ್‌ಎಫ್‌ಗೆ (ಜೂನಿಯರ್ ರಿಸರ್ಚ್ ಫೆಲೋಗೆ) 2023ರಿಂದ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಇದಕ್ಕೆ ಸಾಮಾನ್ಯವಾಗಿ ನೆಟ್ ಅಥವಾ ಗೇಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಪ್ರಾಜೆಕ್ಟ್ ಅಸೋಸಿಯೇಟ್ ಜಾಗಕ್ಕೆ ಅವಿಲ್ಲದೆಯೂ ತೆಗೆದುಕೊಳ್ಳುವುದುಂಟು, ಸಂಬಳ ಕಡಿಮೆ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು. ಹಾಗಾಗಿ ಪಿಎಚ್.ಡಿ.ಗೆ ನೋಂದಾಯಿಸಲು ಬಿಡುತ್ತೀರಾ ಅಂತ ಸಂದರ್ಶನದಲ್ಲೇ ಕೇಳಲಿ, ಸಂಕೋಚ ಬೇಡ.

ಅರ್ಜಿಯಲ್ಲಿ ಸುಮ್ನೆ 'ಪೈಥಾನ್ ಗೊತ್ತು' ಅಂತ ಬರೆದರೆ ಯಾರೂ ತಿರುಗಿ ನೋಡುವುದಿಲ್ಲ. ಪುಣೆಯ ಹವಾಮಾನ ಇಲಾಖೆ 1901ರಿಂದ ಈಚಿನ ದಿನದಿನದ ಮಳೆ ಲೆಕ್ಕವನ್ನು ನಕ್ಷೆಯ ಕಾಲು ಡಿಗ್ರಿ (ಅಕ್ಷಾಂಶ-ರೇಖಾಂಶ) ಚೌಕಗಳಲ್ಲಿ ಉಚಿತವಾಗಿ ಕೊಡುತ್ತದೆ. ಡೊಂಬಿವಲಿ ಬೀಳುವ ಚೌಕವನ್ನು ಆರಿಸಿ, ಜುಲೈನ ಭಾರೀ ಮಳೆಯ ದಿನಗಳು ಹೆಚ್ಚಿವೆಯೋ ಇಲ್ಲವೋ ಲೆಕ್ಕ ಹಾಕಲಿ. ಕೋಡನ್ನು ಎಲ್ಲರೂ ನೋಡಬಹುದಾದ ಗಿಟ್‌ಹಬ್ ವೆಬ್‌ಸೈಟಿನಲ್ಲಿಟ್ಟು, ಪತ್ರದ ಎರಡನೇ ಸಾಲಿನಲ್ಲೇ ಅದರ ಲಿಂಕ್ ಕೊಡಲಿ.